ಕಿವಿಯೋಲೆಯ ಹನ್ನೆರಡು ಅಂಕಿ

2019ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಬಂದಾಗ ಬಾಗಲಕೋಟೆ ಜಿಲ್ಲೆಯ ಗಲಗಲಿ, ಜಮಖಂಡಿ ಸೀಮೆಯ ನದಿದಂಡೆಯ ಜನ ದನಕರು ಹೊಡೆದುಕೊಂಡು ದಿಬ್ಬ ಹತ್ತಿದರು. ಹಿಂದೆಯೇ ಹೊರಜಿಲ್ಲೆಗಳಿಂದ ಮೇವಿನ ಲಾರಿ ಬಂದವು, ಲಾರಿಗೆ ಕಟ್ಟಿದ ಬ್ಯಾನರ್ ಬಂದವು, ಬ್ಯಾನರಿನ ಮುಂದೆ ನಿಂತವರ ಫೋಟೊ ಮರುದಿನ ಎಲ್ಲರ ಮೊಬೈಲಿಗೂ ಬಂತು. ನೀರು ಇಳಿದ ಮೇಲೆ, ಯಾವ ಕೇಂದ್ರಕ್ಕೆ ಎಷ್ಟು ಲೋಡ್ ಕಣಕಿ ಇಳಿಯಿತು, ಎಷ್ಟು ದನ ಅದನ್ನು ತಿಂದವು, ಕೂಡಿದ ದುಡ್ಡಿನಲ್ಲಿ ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದವರು ಕಡಿಮೆ. ಕೇಳುವವರ ಬಾಯಿ ಮುಚ್ಚಿಸಲು ನಮ್ಮ ಕಡೆ ಒಂದು ಸಿದ್ಧ ಮಾತೂ ಇದೆ: ‘ಮೂಕ ಪ್ರಾಣಿಗೆ ಕೊಟ್ಟದ್ದರಿ, ಅದಕ್ಕೇನ್ ಲೆಕ್ಕಾ ಕೇಳತೀರಿ?’

ಹಾಗೆಂದು ಈ ಸೀಮೆಯ ಜನಕ್ಕೆ ವಂತಿಗೆಯ ಲೆಕ್ಕ ಕೇಳಲು ಬಾರದು ಎನ್ನುವಂತಿಲ್ಲ. ಗಲಗಲಿಯಿಂದ ಹೊಳೆಯ ಮೇಲ್ಭಾಗಕ್ಕಿರುವ ಚಿಕ್ಕಪಡಸಲಗಿಯಲ್ಲಿ ರೈತರು ಸ್ವಂತ ದುಡ್ಡು, ಸ್ವಂತ ದುಡಿಮೆ ಹಾಕಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು, 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೂ ಕಳಿಸಿದರು. ಅಲ್ಲಿ ದುಡ್ಡು ಕೊಟ್ಟ ರೈತ ದಂಡೆಯ ಮೇಲೆ ನಿಂತರೆ ಸಾಕಿತ್ತು, ನೀರು ನಿಂತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತಿತ್ತು. ಪ್ರಾಣಿದಯೆಯ ದುಡ್ಡಿಗೆ ಈ ಅನುಕೂಲವಿಲ್ಲ. ಶಾಲೆಯಲ್ಲಿ ಪಾಠ ಆಗದಿದ್ದರೆ ಮಗು ಮನೆಗೆ ಬಂದು ಹೇಳುತ್ತದೆ, ಆಸ್ಪತ್ರೆಯಲ್ಲಿ ಮದ್ದು ಸಿಗದಿದ್ದರೆ ರೋಗಿ ಜಗಳ ತೆಗೆಯುತ್ತಾನೆ. ಗೋದಲಿ ಬರಿದಾಗಿದ್ದರೆ ಆಕಳು ಯಾರ ಹತ್ತಿರ ಹೋಗಿ ಹೇಳಬೇಕು? ಮೂಕ ಪ್ರಾಣಿ ಎಂಬ ಕಾರಣಕ್ಕೇ ಅದರ ಹೆಸರಿನಲ್ಲಿ ಎತ್ತಿದ ದುಡ್ಡಿಗೆ ಬೇರೆ ಎಲ್ಲ ದುಡ್ಡಿಗಿಂತ ಬಿಗಿಯಾದ ಲೆಕ್ಕ ಇರಬೇಕು.

ಗೋಶಾಲೆಗಳ ಮೇಲಿನ ಭಾರ ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಆರಂಭದಿಂದ ಜಾರಿಯಲ್ಲಿದೆ. ಆಕಳು, ಕರು, ಹೋರಿ, ಎತ್ತು ಯಾವ ವಯಸ್ಸಿನದೇ ಆಗಲಿ ಕಸಾಯಿಖಾನೆಗೆ ಹೋಗುವಂತಿಲ್ಲ, ಎಮ್ಮೆ-ಕೋಣಕ್ಕೆ 13 ವರ್ಷದ ಮಿತಿ. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ, ನೊಗ ಹೊರಲಾರದ ಎತ್ತನ್ನು ಮೊದಲು ದನದ ಸಂತೆಯಲ್ಲಿ ಮಾರುತ್ತಿದ್ದ ರೈತ ಈಗ ಅದನ್ನು ಎಲ್ಲಿ ಬಿಡಬೇಕು? ಕೊಟ್ಟಿಗೆ, ಇಲ್ಲವೇ ಬೀದಿ, ಇಲ್ಲವೇ ಗೋಶಾಲೆ. ಪೊಲೀಸರು ಹಿಡಿದ ದನಗಳೂ ಅಲ್ಲಿಗೇ ಬರುತ್ತವೆ.

ಬಂದ ದನಕ್ಕೆ ಹಾಕುವುದೇನು? ದೊಡ್ಡ ದನವೊಂದಕ್ಕೆ ದಿನಕ್ಕೆ ಐದಾರು ಕೆ.ಜಿ. ಒಣಮೇವು, ಹದಿನೈದಿಪ್ಪತ್ತು ಕೆ.ಜಿ. ಹಸಿಮೇವು ಬೇಕು. ಕಬ್ಬು ಕಡಿಯುವ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಇದು ಕಷ್ಟವಲ್ಲ, ಗದ್ದೆಯ ಬದುವಿನ ಮೇಲೆ ಕಬ್ಬಿನ ತುದಿಯ ಹಸಿರು ವಾಡಿ ರಾಶಿ ಬಿದ್ದಿರುತ್ತದೆ, ಪುಕ್ಕಟೆ ಸಿಗುತ್ತದೆ. (ಅದನ್ನೊಂದನ್ನೇ ದಿನವೂ ತಿನ್ನಿಸಿದರೆ ಮೈಯ ಸುಣ್ಣದಂಶ ಇಳಿಯುತ್ತದೆ ಎಂದು ಪಶುವೈದ್ಯರು ಹೇಳುತ್ತಲೇ ಇರುತ್ತಾರೆ.) ಕಬ್ಬಿನ ಹಂಗಾಮು ಮುಗಿದ ಮೇಲೆ ಈ ಅನುಕೂಲ ಇರದು, ಆದ್ದರಿಂದ ದೇಣಿಗೆ ಕೊಡುವವರಿಗೆ ನನ್ನದೊಂದು ಸಲಹೆ: ಗೋಶಾಲೆಯನ್ನು ಡಿಸೆಂಬರಿನಲ್ಲಿ ನೋಡಬೇಡಿ, ಮೇ ತಿಂಗಳಲ್ಲಿ ನೋಡಿ. ಕಣಕಿಯ ಬಣವಿ ಆಗ ಎಷ್ಟು ಎತ್ತರ ಉಳಿದಿದೆ ಎಂಬುದು ಯಾವ ಆಡಿಟ್ ವರದಿಗಿಂತಲೂ ಹೆಚ್ಚು ಹೇಳುತ್ತದೆ.

ಸರ್ಕಾರವೇ ಮುಂದೆ ನಿಂತು ದಾನ ಎತ್ತಿದ ಉದಾಹರಣೆಯೂ ನಮ್ಮಲ್ಲಿದೆ. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ 2022ರ ಜುಲೈನಲ್ಲಿ ‘ಪುಣ್ಯಕೋಟಿ ದತ್ತು ಯೋಜನೆ’ ಶುರುವಾಯಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ರಾಸು ದತ್ತು. ಒಂದು ದಿನದ ಮೇವಿಗಾದರೆ 70 ರೂಪಾಯಿ. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರಿ ನೌಕರರ ಸಂಬಳದಿಂದಲೂ ವಂತಿಗೆ ಹಿಡಿಯುವ ಆದೇಶ ಬಂತು: ‘ಎ’ ವೃಂದಕ್ಕೆ 11,000, ‘ಬಿ’ ವೃಂದಕ್ಕೆ 4,000, ‘ಸಿ’ ವೃಂದಕ್ಕೆ 400.

ಈ ಅಂಕಿಗಳನ್ನು ಒಂದು ಸಲ ಗುಣಿಸಿ ನೋಡಬೇಕು. ದಿನಕ್ಕೆ 70 ಎಂದರೆ ವರ್ಷಕ್ಕೆ 25,550. ದತ್ತಿನ 11,000ವನ್ನು ದಿನಕ್ಕೆ ಹಂಚಿದರೆ ಮೂವತ್ತೇ ರೂಪಾಯಿ. ಅಂದರೆ ‘ದತ್ತು’ ತೆಗೆದುಕೊಂಡವರು ಆ ರಾಸಿನ ಅರ್ಧ ವರ್ಷದ ಹೊಟ್ಟೆಗೂ ಪೂರ್ತಿ ಕೊಟ್ಟಂತಾಗಲಿಲ್ಲ. ಉಳಿದದ್ದನ್ನು ತುಂಬುವವರು ಯಾರು? ಒಂದೇ ರಾಸನ್ನು ಇಬ್ಬರಿಗೆ ದತ್ತು ಕೊಟ್ಟರೆ ತಪ್ಪೇ? ಇಂಥ ಪ್ರಶ್ನೆಗೆ ದುಡ್ಡು ಎತ್ತುವ ಮೊದಲೇ ಉತ್ತರ ಬರೆದಿಡಬೇಕಿತ್ತು. ಅದೇ ವರ್ಷ ರಾಜ್ಯದಲ್ಲಿ ಚರ್ಮಗಂಟು ರೋಗವೂ ಹಬ್ಬಿ ದನಗಳು ಸತ್ತವು. ದತ್ತು ಪಡೆದ ಆಕಳು ಇದ್ದದ್ದೋ ಹೋದದ್ದೋ ದಾನಿಗೆ ತಿಳಿಯಬೇಡವೇ?

ತಿಳಿಸುವುದು ದೊಡ್ಡ ಕೆಲಸವಲ್ಲ. ಪಶುಪಾಲನಾ ಇಲಾಖೆ ದನಗಳ ಕಿವಿಗೆ ಹಾಕುವ ಹಳದಿ ಕಿವಿಯೋಲೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಮೇಲೆ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ, ಒಂದು ದನದ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. ಗೋಶಾಲೆಯ ವಹಿಯಲ್ಲಿ ಆ ಸಂಖ್ಯೆ, ರಾಸು ಬಂದ ದಿನ, ತಂದುಬಿಟ್ಟವರು ರೈತರೋ ಪೊಲೀಸರೋ, ಬಂದಾಗಿನ ಸ್ಥಿತಿ, ಹೊರಗೆ ಹೋಗಿದ್ದರೆ ಯಾರ ಮನೆಗೆ, ಸತ್ತಿದ್ದರೆ ವೈದ್ಯರು ಬರೆದ ಕಾರಣ, ಇಷ್ಟಿದ್ದರೆ ಸಾಕು. ಹಣದ ಲೆಕ್ಕವನ್ನು ಚೊಕ್ಕಟವಾಗಿ ಬರೆಯಬಲ್ಲ ಲೆಕ್ಕಿಗ ಎಲ್ಲ ಊರಲ್ಲೂ ಸಿಗುತ್ತಾನೆ. ಜೀವದ ಲೆಕ್ಕ ಕೇಳಿದಾಗಲೇ ತೊದಲು ಶುರು. ಮುದಿಯಾದವು, ಗಾಯಗೊಂಡವು, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿಕೊಂಡವು ಬಂದು ಸೇರುವ ಜಾಗದಲ್ಲಿ ಸಾವು ಸಹಜ. ‘ನಮ್ಮಲ್ಲಿ ಒಂದೂ ಸತ್ತಿಲ್ಲ’ ಎನ್ನುವ ಗೋಶಾಲೆಯ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ನಾಯಿಗಳ ವಿಷಯದಲ್ಲಿ ಈ ಜೀವದ ಲೆಕ್ಕ ಆಗಲೇ ಕಾನೂನಿನೊಳಗೆ ಬಂದಿದೆ. ಬೀದಿನಾಯಿಗಳ ಸಂತಾನಹರಣಕ್ಕೆ ಸ್ಥಳೀಯ ಸಂಸ್ಥೆಗಳು ತಲೆಗಿಷ್ಟು ಎಂದು ದುಡ್ಡು ಕೊಡುತ್ತವೆ. ನೂರು ಮಾಡಿ ಇನ್ನೂರು ಬರೆದರೆ ತಡೆಯುವುದು ಹೇಗೆ? ಶಸ್ತ್ರಕ್ರಿಯೆ ಆದ ನಾಯಿಯ ಕಿವಿಗೆ ‘ವಿ’ ಆಕಾರದ ಕಚ್ಚು ಹಾಕಬೇಕು. ತೆಗೆದ ವೃಷಣ, ಗರ್ಭಕೋಶಗಳನ್ನು ಫಾರ್ಮಲಿನ್‌ನಲ್ಲಿ ಕಾಪಿಟ್ಟು, ತಪಾಸಣೆಗೆ ಬಂದವರ ಎದುರು ಎಣಿಸಿ, ಆಮೇಲೆ ಸುಡಬೇಕು. ಕೇಳಲು ಅಸಹ್ಯ ಎನ್ನಿಸಬಹುದು. ಆದರೆ ಬಕೆಟ್ಟಿನಲ್ಲಿ ಇರುವುದು ನೂರೇ ಆದರೆ ಬಿಲ್ಲಿನಲ್ಲಿ ಇನ್ನೂರು ಬರೆಯಲು ಬರುವುದಿಲ್ಲ. 2023ರಲ್ಲಿ ಹೊಸದಾಗಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯೇ ಈ ಕೆಲಸ ಮಾಡಬೇಕು.

ಮೊಬೈಲಿನಲ್ಲಿ ಹರಿದಾಡುವ ‘ರಕ್ಷಣೆ’ಯ ವಿಡಿಯೊಗಳಿಗೆ ಇಂಥ ಯಾವ ಎಣಿಕೆಯೂ ಇಲ್ಲ. ಮರಿಯನ್ನು ತಾವೇ ಹೊಂಡಕ್ಕೆ ಬಿಟ್ಟು ತಾವೇ ಎತ್ತುವ ನಾಟಕ ಜಗತ್ತಿನಾದ್ಯಂತ ಹೆಚ್ಚಿ, ಯೂಟ್ಯೂಬ್ 2021ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ವಿಡಿಯೊದ ಕೆಳಗೆ ತೋರಿಸುವ ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಗೆ ಹೋಗುತ್ತದೋ ಒಬ್ಬ ವ್ಯಕ್ತಿಯ ಖಾತೆಗೋ ಎಂಬುದು ದುಡ್ಡು ಹಾಕುವ ಮೊದಲು ಪರದೆಯ ಮೇಲೆಯೇ ಮೂಡುತ್ತದೆ. ಓದಿದರೆ ಆಯಿತು.

ಇನ್ನು, ಲೆಕ್ಕದ ಮಾತಿಗೇ ಸೇರುವ ಒಂದು ಆನೆಯ ಕಥೆ. ಪಂಚಗಂಗೆ ಕೃಷ್ಣೆಯನ್ನು ಕೂಡುವ ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ ನಾಂದಣಿಯ ಜೈನ ಮಠವಿದೆ. ಅಲ್ಲಿನ ನೀರೇ ಗಲಗಲಿಗೆ ಇಳಿದು ಬರುತ್ತದೆ, ಮಠದ ಭಕ್ತರು ಗಡಿಯ ಈಚೆಗೂ ಇದ್ದಾರೆ. ಮಠದ ಆನೆ ಮಹಾದೇವಿಯನ್ನು ನ್ಯಾಯಾಲಯದ ಆದೇಶದಂತೆ 2025ರ ಜುಲೈ ಕೊನೆಯಲ್ಲಿ ಗುಜರಾತಿನ ಜಾಮನಗರದ ಪ್ರಾಣಿ ಆರೈಕೆ ಕೇಂದ್ರ ವಂತಾರಾಕ್ಕೆ ಸಾಗಿಸಿದಾಗ ಜನ ಬೀದಿಗೆ ಬಂದರು. ಮಠದಲ್ಲಿ ಆನೆಯ ಆರೋಗ್ಯ ಕೆಟ್ಟಿತ್ತು ಎನ್ನುವವರ ಮಾತಿನಲ್ಲೂ ಹುರುಳಿತ್ತು, ಅಳುತ್ತಾ ಬೀಳ್ಕೊಟ್ಟವರ ಪ್ರೀತಿಯೂ ಸುಳ್ಳಲ್ಲ. ಅದೇ ಹೊತ್ತಿಗೆ, ವಂತಾರಾಕ್ಕೆ ಪ್ರಾಣಿಗಳು ಬಂದ ರೀತಿ, ಹಣದ ವ್ಯವಹಾರ ಎಲ್ಲವನ್ನೂ ಪರಿಶೀಲಿಸಲು ಸುಪ್ರೀಂ ಕೋರ್ಟ್ ಆಗಸ್ಟ್ 25ರಂದು ನಿವೃತ್ತ ನ್ಯಾಯಮೂರ್ತಿ ಜೆ. ಚೆಲಮೇಶ್ವರ್ ನೇತೃತ್ವದಲ್ಲಿ ತನಿಖಾ ತಂಡ ರಚಿಸಿತು. ಸೆಪ್ಟೆಂಬರ್ 12ಕ್ಕೆ ವರದಿ ಬಂತು. 15ಕ್ಕೆ ಕೋರ್ಟ್ ಅದನ್ನು ಒಪ್ಪಿ, ಕಾನೂನು ಉಲ್ಲಂಘನೆ ಆಗಿಲ್ಲ ಎಂದಿತು. ಸಂಸ್ಥೆಗೆ ಇದು ಗೆಲುವೇ, ಅದನ್ನು ಗೆಲುವೆಂದೇ ಒಪ್ಪಬೇಕು. ಆದರೆ ಜನರ ಕೈಗೆ ಬಂದದ್ದು ವರದಿಯ ಸಾರಾಂಶ ಮಾತ್ರ. ಪೂರ್ತಿ ವರದಿ ಮೊಹರಿನೊಳಗೇ ಉಳಿಯಿತು. ಸರಿಯಿದೆ ಎಂದು ಕೋರ್ಟಿಗೆ ತಿಳಿಯುವುದು ಬೇರೆ, ಸರಿಯಿದೆ ಎಂದು ನಾಂದಣಿಯ ಭಕ್ತ ಓದಿ ತಿಳಿಯುವುದು ಬೇರೆ. ಎರಡನೆಯದು ಆಗಿದ್ದರೆ ಸಂಸ್ಥೆಗೇ ಹೆಚ್ಚು ಲಾಭವಿತ್ತು ಎಂದು ನನ್ನ ಎಣಿಕೆ.

ನಾಂದಣಿಯವರಿಗೆ ಇರುವ ಒಂದು ಬಾಗಿಲು ನಮಗಿಲ್ಲ. ಮಹಾರಾಷ್ಟ್ರದಲ್ಲಿ ಟ್ರಸ್ಟುಗಳು ವರ್ಷವರ್ಷ ಚಾರಿಟಿ ಕಮಿಷನರಿಗೆ ಲೆಕ್ಕ ಒಪ್ಪಿಸಬೇಕು. ಆ ವ್ಯವಸ್ಥೆ ತಂದ 1950ರ ಮುಂಬೈ ಕಾಯ್ದೆ ಹಳೆಯ ಮುಂಬೈ ರಾಜ್ಯದಲ್ಲಿದ್ದ ನಮ್ಮ ಭಾಗಕ್ಕೂ ಇತ್ತು, ಕರ್ನಾಟಕ ತನ್ನ ಧಾರ್ಮಿಕ ದತ್ತಿ ಕಾಯ್ದೆ ತಂದಾಗ ಅದು ರದ್ದಾಯಿತು. ಈಗ ಟ್ರಸ್ಟ್ ಮಾಡಿ ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ, ಆಮೇಲೆ ವರ್ಷದ ಲೆಕ್ಕ ಕೇಳುವುದು ಆದಾಯ ತೆರಿಗೆ ಇಲಾಖೆಯೊಂದೇ. ಸಂಘವೆಂದು ನೋಂದಾಯಿಸಿದ್ದರೆ ಪರವಾಗಿಲ್ಲ, 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಜಿಲ್ಲಾ ನೋಂದಣಾಧಿಕಾರಿಗೆ ಪ್ರತಿ ವರ್ಷ ಸಲ್ಲಬೇಕು. ತೆರಿಗೆ ವಿನಾಯಿತಿಯ ಹೆಸರು ಹೇಳಿ ದುಡ್ಡು ಕೇಳುವವರು ನಿಮಗೆ ದೇಣಿಗೆಯ ಪ್ರಮಾಣಪತ್ರ ಕೊಡಲೇಬೇಕು, 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿಯೇ ಇಲ್ಲ.

ಲೆಕ್ಕ ಬರೆಯಲಾಗದ ಗೋಶಾಲೆಯೆಲ್ಲ ಕಳ್ಳರದ್ದು ಎಂದು ನಾನು ಹೇಳುತ್ತಿಲ್ಲ. ನಸುಕಿನಲ್ಲಿ ಎದ್ದು ಸಗಣಿ ಬಳಿದು, ಹುಳ ಬಿದ್ದ ಗಾಯ ತೊಳೆದು, ಔಷಧದ ಅಂಗಡಿಯಲ್ಲಿ ಉದ್ರಿ ಹೇಳಿ ಬರುವವರಿಗೆ ರಾತ್ರಿ ವಹಿ ಬರೆಯುವ ತ್ರಾಣ ಇರುವುದಿಲ್ಲ. ಅಂಥ ಕಡೆ ದುಡ್ಡು ಕೊಡುವುದಕ್ಕಿಂತ ಊರಿನ ಓದಿದ ಹುಡುಗರು ವಾರಕ್ಕೊಮ್ಮೆ ಹೋಗಿ ವಹಿ ಬರೆದುಕೊಟ್ಟರೆ ದೊಡ್ಡ ಸೇವೆ. ಬಂದದ್ದೆಷ್ಟು, ಇದ್ದದ್ದೆಷ್ಟು, ಸತ್ತದ್ದೆಷ್ಟು ಎಂದು ಬಾಗಿಲ ಬಳಿ ಕರಿಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದರೂ ನಡೆದೀತು. ದೊಡ್ಡ ಬ್ಯಾನರಿನವರಿಗೆ ಮಾತ್ರ ಈ ರಿಯಾಯಿತಿ ಬೇಡ.

ಸರ್ಕಾರದ ಹಣದಿಂದಲೇ ಬಹುಮಟ್ಟಿಗೆ ನಡೆಯುವ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಉಳಿದ ಸಂಘಗಳು ಸಲ್ಲಿಸಿದ ಲೆಕ್ಕವನ್ನು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಿಂದ ಕೇಳಬಹುದು. ದೀಪಾವಳಿಯ ಗೋಪೂಜೆಗೆ ಕಾಣಿಕೆ ಕಳಿಸುವ ಮೊದಲು ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ ನೋಡಿ. ಶುಲ್ಕ 10 ರೂಪಾಯಿ.