ಸೆರೆ ಬಿಡಿಸುವ ಹಣ, ಸೆರೆ ಬಿಡಿಸುವ ಕರೆ

ರಮಝಾನ್ ಬಂತೆಂದರೆ ಝಕಾತ್‌ನ ಎಂಟು ಹಕ್ಕುದಾರರ ಬಗ್ಗೆ ಖುತ್ಬಾಗಳಲ್ಲಿ ಕೇಳುತ್ತೇವೆ. ಬಡವರು, ನಿರ್ಗತಿಕರು, ಸಾಲಗಾರರು, ಪ್ರಯಾಣಿಕರು ನಮಗೆ ಬೇಗ ನೆನಪಾಗುತ್ತಾರೆ. ಕುರ್‌ಆನ್‌ನ ಅತ್ತೌಬಾ ಅಧ್ಯಾಯದ 60ನೇ ವಚನದ ಆ ಪಟ್ಟಿಯಲ್ಲಿ ದಾಸ್ಯದಲ್ಲಿ ಸಿಲುಕಿದವರನ್ನು ಬಿಡಿಸುವುದಕ್ಕೂ ಒಂದು ಪಾಲಿದೆ. ಗುಲಾಮಗಿರಿ ಎಂದೋ ಮುಗಿದ ಸಂಗತಿ ಎಂದುಕೊಂಡು ಆ ಪಾಲನ್ನು ನಾವು ಓದಿ ಮುಂದೆ ಸಾಗಿಬಿಡುತ್ತೇವೆ.

ಮನುಷ್ಯರನ್ನು ಮಾರುವ ವ್ಯಾಪಾರ ಮಾತ್ರ ನಿಂತಿಲ್ಲ. ನಗರದಲ್ಲಿ ಒಳ್ಳೆಯ ಕೆಲಸವಿದೆ ಎಂದು ಹುಡುಗಿಯನ್ನು ಕರೆದೊಯ್ಯುವುದು, ವರದಕ್ಷಿಣೆ ಬೇಡ ಎಂದು ದೂರದ ಊರಿಗೆ ಮದುವೆ ಮಾಡಿಕೊಂಡು ಹೋಗಿ ಮಾರುವುದು, ಮುಂಗಡ ಹಣ ಕೊಟ್ಟು ಇಡೀ ಕುಟುಂಬವನ್ನು ಇಟ್ಟಿಗೆ ಭಟ್ಟಿಯಲ್ಲಿ ಜೀತಕ್ಕೆ ಇಟ್ಟುಕೊಳ್ಳುವುದು, ಇವೆಲ್ಲ ಅದರ ರೂಪಗಳು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಮಾನವ ಕಳ್ಳಸಾಗಣೆಗೆ ಕನಿಷ್ಠ 7 ವರ್ಷ ಕಠಿಣ ಸಜೆಯಿದೆ. ಬಲಿಯಾದವರು ಮಕ್ಕಳಾದರೆ ಕನಿಷ್ಠ 10 ವರ್ಷ; ಅದು ಜೀವಾವಧಿಯವರೆಗೂ ಹೋಗಬಹುದು. ‘ಅವಳೇ ಒಪ್ಪಿ ಹೋದಳಲ್ಲ’ ಎಂಬ ವಾದಕ್ಕೆ ಈ ಕಾನೂನಿನಲ್ಲಿ ಬೆಲೆಯಿಲ್ಲ.

ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ಈ ದೃಷ್ಟಿಯಿಂದ ನೆನಪಿಸಿಕೊಳ್ಳೋಣ. ಅವರನ್ನು ಮನೆಯಿಂದ ಕರೆದೊಯ್ದವರು ಅಪರಿಚಿತರಲ್ಲ. ನಾವು ಕಾಪಾಡುತ್ತೇವೆ ಎಂದು ತಂದೆಗೆ ಭರವಸೆ ಕೊಟ್ಟ ಸ್ವಂತ ಸಹೋದರರು. ಬಾವಿಯಿಂದ ಮೇಲೆತ್ತಿದ ಪ್ರಯಾಣಿಕರ ತಂಡ ಆ ಬಾಲಕನನ್ನು ಸರಕಿನಂತೆ ಕಂಡಿತು, ಕೆಲವೇ ದಿರ್ಹಮ್‌ಗಳಿಗೆ ಮಾರಾಟವಾಯಿತು. ಇಂದೂ ಮೋಸ ಬರುವುದು ಹೆಚ್ಚಾಗಿ ಪರಿಚಯದ ದಾರಿಯಲ್ಲೇ. ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಬೆಲೆ ತಿಂದವನ ವಿರುದ್ಧ ಅಂತ್ಯದಿನದಲ್ಲಿ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಹೀಗೆ ಸಿಲುಕಿದವರಿಗೆ ಇಂದು ಹೊರಜಗತ್ತಿನತ್ತ ಇರುವ ಕಿಂಡಿ ಹಲವು ಸಲ ಒಂದು ದೂರವಾಣಿ ಸಂಖ್ಯೆ. ಮಕ್ಕಳಿಗೆ 1098, ಮಹಿಳೆಯರಿಗೆ 181, ಪ್ರಾಣಾಪಾಯವಿದ್ದರೆ ಎಲ್ಲರಿಗೂ 112. ಮೂರಕ್ಕೂ ಕರೆ ಉಚಿತ.

1098 ಆರಂಭವಾದದ್ದು 1996ರಲ್ಲಿ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ. ಜೆರೂ ಬಿಲಿಮೋರಿಯಾ ಎಂಬ ಮಹಿಳೆ ಬೀದಿ ಮಕ್ಕಳಿಗಾಗಿ ಅದನ್ನು ಕಟ್ಟಿದರು. ಮುಂದೆ ಕೇಂದ್ರ ಸರಕಾರದ ಅನುದಾನ ದೊರೆತು ಸ್ವಯಂಸೇವಾ ಸಂಸ್ಥೆಗಳ ಮೂಲಕ ದೇಶಕ್ಕೆಲ್ಲ ಹಬ್ಬಿತು. 2023ರಿಂದ ಮಿಷನ್ ವಾತ್ಸಲ್ಯ ಯೋಜನೆಯಡಿ ರಾಜ್ಯ ಮತ್ತು ಜಿಲ್ಲಾ ಆಡಳಿತಗಳೇ ಇದನ್ನು ವಹಿಸಿಕೊಂಡು 112ರೊಂದಿಗೆ ಜೋಡಿಸುತ್ತಿವೆ. 181ರ ಯೋಜನೆ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದಕ್ಕೆ ಹಣ ಒದಗಿದ್ದು ನಿರ್ಭಯಾ ನಿಧಿಯಿಂದ. ದೆಹಲಿಯ 2012ರ ದುರಂತದ ನಂತರ, 2013ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯೊಂದಿಗೆ ಸ್ಥಾಪನೆಯಾದ ನಿಧಿಯದು.

ಒಂದು ಫೋನಿಗೆ ಇಷ್ಟು ಹಣವೇಕೆ ಎಂದು ಕೇಳಬಹುದು. ರಾತ್ರಿ ಎರಡು ಗಂಟೆಗೂ ಕರೆ ಎತ್ತಲು ತರಬೇತಾದ ಒಬ್ಬರು ಎಚ್ಚರವಿರಬೇಕು. ಕರೆ ಬಾರದ ರಾತ್ರಿಗೂ ಅವರಿಗೆ ಸಂಬಳ ಸಲ್ಲಬೇಕು. ಬಂದ ಕರೆಯ ಹಿಂದೆ ವಾಹನ ಹೊರಡಬೇಕು, ಪೊಲೀಸರು ಜೊತೆಗಿರಬೇಕು. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಹಿಳೆಯಾದರೆ ಜಿಲ್ಲೆಯ ‘ಸಖಿ’ ಕೇಂದ್ರದಲ್ಲಿ ಚಿಕಿತ್ಸೆ, ಕಾನೂನು ನೆರವು, ಆಪ್ತ ಸಮಾಲೋಚನೆ, ಐದು ದಿನಗಳವರೆಗೆ ವಾಸಕ್ಕೆ ಜಾಗ ಸಿಗುತ್ತದೆ. ಜೀತದಿಂದ ಬಿಡುಗಡೆಯಾದವರಿಗೆ ಕೇಂದ್ರದ 2016ರ ಯೋಜನೆಯಡಿ 1 ಲಕ್ಷದಿಂದ 3 ಲಕ್ಷ ರೂಪಾಯಿವರೆಗೆ ಪುನರ್ವಸತಿ ನೆರವಿದೆ. ಈ ಸರಪಣಿಯ ಯಾವ ಕೊಂಡಿಗೆ ಹಣ ನಿಂತರೂ ಫೋನ್ ಎತ್ತಿದವರು ಸಮಾಧಾನದ ಮಾತಷ್ಟೇ ಹೇಳಬಲ್ಲರು. ಆಶ್ರಯ ಸಿಗದೆ ಮರಳಿದ ಹುಡುಗಿ ಹೋಗುವುದು ಅದೇ ದಲ್ಲಾಳಿಯ ಕೈಗೆ.

ಈ ಹಣ ಯಾರದು? ಅಂಗಡಿಯಲ್ಲಿ ಸೋಪು ಕೊಳ್ಳುವ ಬಡವನೂ ಕಟ್ಟುವ ತೆರಿಗೆಯದು. ತೆರಿಗೆಯಿಂದ ಝಕಾತ್‌ನ ಹೊಣೆ ತೀರುವುದಿಲ್ಲ ಎಂಬುದು ನಿಜ. ದಾಸ್ಯ ವಿಮೋಚನೆಯ ಪಾಲನ್ನು ಇಂದು ಹೇಗೆ ಸಲ್ಲಿಸಬೇಕೆಂದು ನಮ್ಮ ಉಲಮಾಗಳಲ್ಲಿ ಕೇಳೋಣ. ಆದರೆ ಸಾರ್ವಜನಿಕ ಖಜಾನೆಯಲ್ಲಿ ಸೆರೆಯಾದವನಿಗೆ ಹಕ್ಕಿದೆ ಎಂಬ ಮಾತು ನಮಗೆ ಹೊಸದಲ್ಲ. ಹಾಗಿದ್ದ ಮೇಲೆ ಆ ಹಣ ಒಂದು ಅಮಾನತ್. ನಿರ್ಭಯಾ ನಿಧಿಯ ಹಣ ಪೂರ್ತಿ ಬಳಕೆಯಾಗದ ಬಗ್ಗೆ ಸಂಸತ್ತಿನಲ್ಲಿ ಹಲವು ಸಲ ಪ್ರಶ್ನೆಗಳು ಎದ್ದಿವೆ. ನಮ್ಮ ಜಿಲ್ಲೆಯಲ್ಲಿ ಸಖಿ ಕೇಂದ್ರ ನಡೆಯುತ್ತಿದೆಯೇ, ಸಿಬ್ಬಂದಿಗೆ ಸಂಬಳ ಸಿಗುತ್ತಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳುವುದು ನಮ್ಮ ಜಮಾಅತ್ ಸಮಿತಿಗಳಿಗೆ ಕಷ್ಟದ ಕೆಲಸವಲ್ಲ.

ಹಣವಿದ್ದೂ ಕರೆ ಹೋಗದಿದ್ದರೆ ಪ್ರಯೋಜನವಿಲ್ಲ. ಮಗಳು ಕಾಣೆಯಾದರೆ ಮನೆತನದ ಮಾನ ಹೋದೀತೆಂದು ನಾವು ವಾರಗಟ್ಟಲೆ ಬಾಯಿ ಮುಚ್ಚಿ ಕೂರುತ್ತೇವೆ. ದಲ್ಲಾಳಿಗೆ ಬೇಕಾದದ್ದು ಆ ವಾರಗಳೇ. ಸಂತ್ರಸ್ತ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಕಾನೂನು ನಿಷೇಧಿಸಿದೆ. ಘಟನೆ ಯಾವ ಊರಿನಲ್ಲಾದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು. ಗುಟ್ಟು ಕಾಯುವುದು ಮುಖ್ಯವೇ. ಅದಕ್ಕಿಂತ ಮೊದಲು ಮಗಳ ಜೀವ ಕಾಯಬೇಕು. ಮರಳಿ ಬಂದವಳನ್ನು ದೂಷಿಸುವುದು ಇನ್ನೊಂದು ಅನ್ಯಾಯ. ಬಲವಂತಕ್ಕೆ ಒಳಗಾದ ಸ್ತ್ರೀಯರಿಗೆ ಅಲ್ಲಾಹನು ಕ್ಷಮಿಸುವವನೂ ಕರುಣಾಮಯಿಯೂ ಆಗಿದ್ದಾನೆಂದು ಅನ್ನೂರ್ ಅಧ್ಯಾಯ ತಿಳಿಸುವಾಗ, ತೀರ್ಪು ಕೊಡಲು ನಾವು ಯಾರು?

ಕರಾವಳಿಯ ಅನೇಕ ಮನೆಗಳಿಗೆ ಗಲ್ಫ್‌ನ ನಂಟಿದೆ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಸಂಬಳ ಕೊಡದೆ ದುಡಿಸಿದರೆ ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಗೆ ತಿಳಿಸಬೇಕು. ಸಂಕಷ್ಟದಲ್ಲಿರುವವರ ಊಟ, ವಸತಿ, ಮರುಪ್ರಯಾಣಕ್ಕಾಗಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಹೊರಡುವ ಮೊದಲೇ ಏಜೆಂಟನಿಗೆ ಸರಕಾರದ ನೋಂದಣಿ ಇದೆಯೇ ಎಂದು ವಿಚಾರಿಸುವುದು ಇನ್ನೂ ಉತ್ತಮ.

1098, 181, 112. ಈ ಸಂಖ್ಯೆಗಳನ್ನು ಮದ್ರಸದ ಮಕ್ಕಳಿಗೆ ಬಾಯಿಪಾಠ ಮಾಡಿಸೋಣ. ಮಸೀದಿಯ ಸೂಚನಾ ಫಲಕದಲ್ಲಿ, ಮಹಿಳೆಯರ ತರಗತಿಯ ಗೋಡೆಯ ಮೇಲೆ ಬರೆಯೋಣ. ನೆರೆಮನೆಯಲ್ಲಿ ಶಾಲೆಗೆ ಹೋಗದೆ ದುಡಿಯುವ ಪುಟ್ಟ ಹುಡುಗಿ ಕಂಡರೆ, ನಮಗೇಕೆ ಎನ್ನದೆ ಫೋನ್ ತೆಗೆಯೋಣ. ಸೆರೆಯಲ್ಲಿರುವವರನ್ನು ಬಿಡಿಸುವ ಪುಣ್ಯದಲ್ಲಿ ಅಲ್ಲಾಹನು ನಮಗೂ ಪಾಲು ಕರುಣಿಸಲಿ. ಆಮೀನ್.