ಪಿನ್ ಕೂತ ಮಾತ್ರಕ್ಕೆ ಕೀಬೋರ್ಡ್ ನಡೆಯದು

ಹಳೆಯ ಕಂಪ್ಯೂಟರುಗಳ ಬಗ್ಗೆ ಬಹಳ ಕಾಲದಿಂದ ಉಳಿದಿರುವ ನಂಬಿಕೆಯೊಂದಿದೆ: ಪಿನ್ ಸರಿಯಾಗಿ ಕೂತರೆ ಕೀಬೋರ್ಡ್ ಕೆಲಸ ಮಾಡಲೇಬೇಕು, ಮಾಡದಿದ್ದರೆ ಅದು ಕೆಟ್ಟಿದೆ.

ಐಬಿಎಂ 1981ರಲ್ಲಿ ತಂದ ಪಿಸಿಗೆ 83 ಕೀಲಿಗಳ ಕೀಬೋರ್ಡ್ ಇತ್ತು. 1984ರ ಎಟಿ ಯಂತ್ರಕ್ಕೆ 84 ಕೀಲಿಗಳದ್ದು ಬಂತು. ಎರಡಕ್ಕೂ ಐದು ಪಿನ್ನಿನ ಅದೇ ದುಂಡನೆಯ ಪ್ಲಗ್. ಆದರೆ ಅವು ಆಡುವ ಭಾಷೆಯೇ ಬೇರೆ. ಎಟಿ ಕೀಬೋರ್ಡಿನಲ್ಲಿ 'ಎ' ಒತ್ತಿದರೆ 28 ಎಂಬ ಸಂಕೇತ ಹೊರಡುತ್ತದೆ. ಹಳೆಯ ಪಿಸಿಯ ಲೆಕ್ಕದಲ್ಲಿ 28 ಎಂದರೆ ಎಂಟರ್! ಸಂಕೇತ ಕಳಿಸುವ ರೀತಿಯೂ ಬೇರೆಯಾದ್ದರಿಂದ ಅಷ್ಟರ ಮಟ್ಟಿಗೂ ಮಾತುಕತೆ ನಡೆಯುವುದಿಲ್ಲ. ಯಂತ್ರ 301 ಎಂಬ ದೋಷಸಂಖ್ಯೆ ತೋರಿಸಿ ನಿಲ್ಲಬಹುದು, ಕೀಬೋರ್ಡಿಗೆ ಮಾತ್ರ ಯಾವ ಕಾಯಿಲೆಯೂ ಇರುವುದಿಲ್ಲ. ಅದಕ್ಕೇ ಆ ಕಾಲದ ಅನೇಕ ಕೀಬೋರ್ಡುಗಳ ಬೆನ್ನಿಗೆ ಎಕ್ಸ್‌ಟಿ (ಅಂದರೆ ಹಳೆಯ ಪಿಸಿಯ ಭಾಷೆ)–ಎಟಿ ಎಂದು ಬದಲಿಸುವ ಪುಟ್ಟ ಸ್ವಿಚ್ ಇರುತ್ತಿತ್ತು. ಗುಜರಿಗೆ ಹಾಕುವ ಮೊದಲು ಕೀಬೋರ್ಡನ್ನು ಮಗುಚಿ ನೋಡುವುದು ಒಳ್ಳೆಯದು.

ತಮಾಷೆಯೆಂದರೆ, ಇದರ ತಿರುವುಮುರುವೂ ನಿಜ. 1987ರಲ್ಲಿ ಬಂದ ಪಿಎಸ್/2ರ ಪ್ಲಗ್ ಚಿಕ್ಕದು, ಆರು ಪಿನ್ನಿನದು. ಎಟಿ ಕಿಂಡಿಗೆ ಅದು ಹೋಗುವುದೇ ಇಲ್ಲ. ಭಾಷೆ ಮಾತ್ರ ಎಟಿಯದೇ. ಒಳಗೆ ಬರೀ ತಂತಿಗಳಿರುವ ಅಗ್ಗದ ಅಡಾಪ್ಟರ್ ಸಾಕು.

ಅದೇ ಧೈರ್ಯದಲ್ಲಿ ಯುಎಸ್‌ಬಿ ಕೀಬೋರ್ಡಿಗೂ ಅಂಥ ಅಡಾಪ್ಟರ್ ಸಿಕ್ಕಿಸುವವರಿದ್ದಾರೆ. ಎರಡೂ ಭಾಷೆ ಬಲ್ಲ ಕೀಬೋರ್ಡಾದರೆ ಸರಿ. ಇಲ್ಲವಾದರೆ ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ವಿಂಡೋಸ್‌ನಲ್ಲಿ ಚೆನ್ನಾಗಿ ನಡೆಯುವ ಯುಎಸ್‌ಬಿ ಕೀಬೋರ್ಡ್ ಡಾಸ್‌ನಲ್ಲಿ ಸತ್ತಂತೆ ಬಿದ್ದರೆ, ಬಯಾಸ್‌ನಲ್ಲಿ 'ಯುಎಸ್‌ಬಿ ಲೆಗಸಿ ಸಪೋರ್ಟ್' ಆಫ್ ಆಗಿರಬಹುದು. ಅದನ್ನು ಆನ್ ಮಾಡಲು ಮಾತ್ರ ಪಿಎಸ್/2 ಕೀಬೋರ್ಡನ್ನೇ ಎರವಲು ತರಬೇಕಾದೀತು!

ಯಂತ್ರ ಓಡುತ್ತಿರುವಾಗಲೇ ಕೀಬೋರ್ಡ್ ಕಿತ್ತು ಚುಚ್ಚಿದರೂ ನಡೆಯುತ್ತದೆ ಎಂಬುದು ಯುಎಸ್‌ಬಿ ಕಲಿಸಿದ ಅಭ್ಯಾಸ. ಪಿಎಸ್/2 ಅದಕ್ಕಾಗಿ ಮಾಡಿದ್ದಲ್ಲ. ಕೆಲವು ಮದರ್‌ಬೋರ್ಡುಗಳಲ್ಲಿ ಆ ಕಿಂಡಿಗೆ ಕರೆಂಟು ಕೊಡುವ ಸಣ್ಣ ಫ್ಯೂಸ್ ಇದರಿಂದ ಸುಟ್ಟುಹೋಗುತ್ತದೆ. ಆಮೇಲೆ ಎಷ್ಟು ಹೊಸ ಕೀಬೋರ್ಡ್ ತಂದರೂ ಎಲ್ಲವೂ 'ಕೆಟ್ಟಿರುತ್ತವೆ'.

ಇನ್ನು ಹಳೆಯ ಲ್ಯಾಪ್‌ಟಾಪ್‌ನಲ್ಲಿ 'ಜೆ', 'ಕೆ', 'ಎಲ್' ಒತ್ತಿದಾಗ 1, 2, 3 ಮೂಡಿದರೆ ಅದು ವೈರಸ್ಸಿನ ಕಾಟವಲ್ಲ, ನಮ್‌ಲಾಕ್ ಆನ್ ಆಗಿದೆ, ಅಷ್ಟೆ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಅದುಮಿ ಹಿಡಿದರೆ ಫಿಲ್ಟರ್ ಕೀಸ್ ಶುರುವಾಗಬಹುದು. ಆಗ ಚುರುಕಾಗಿ ಕುಟ್ಟಿದ ಅಕ್ಷರಗಳು ಪರದೆಗೆ ಬರುವುದೇ ಇಲ್ಲ. ಮತ್ತೆ ಅಷ್ಟೇ ಹೊತ್ತು ಅದುಮಿ ಹಿಡಿದರೆ ಕೀಬೋರ್ಡ್ ಮೊದಲಿನಂತಾಗುತ್ತದೆ.