ಕೋಶದ ಕಸದಲ್ಲಿ ಸಿಕ್ಕ ರಸ

ರಕ್ತದ ಕೆಂಪುಕಣ ಬಲಿಯುವ ಮುನ್ನ ತನ್ನ ಮನೆ ಗುಡಿಸಿಕೊಳ್ಳುತ್ತದೆ. ಎಳೆಯದಾಗಿದ್ದಾಗ ಕಬ್ಬಿಣದ ಅಂಶವನ್ನು ಒಳಗೆಳೆದುಕೊಳ್ಳಲು ಅದರ ಹೊರಪೊರೆಯಲ್ಲಿ ಕೆಲವು ಪ್ರೋಟೀನುಗಳಿರುತ್ತವೆ. ಬಲಿತ ಮೇಲೆ ಅವು ಬೇಕಿಲ್ಲ. ಅವನ್ನು ಕೋಶ ಅತಿ ಸಣ್ಣ ಸಂಚಿಗಳಲ್ಲಿ ಕಟ್ಟಿ ಹೊರಗೆಸೆಯುವುದನ್ನು 1983ರಲ್ಲಿ ಎರಡು ತಂಡಗಳು ಕಂಡವು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟೋನ್ ಅವರ ತಂಡ ನೋಡಿದ್ದು ಕುರಿಯ ರಕ್ತವನ್ನು. ಅಮೆರಿಕದ ಸೇಂಟ್ ಲೂಯಿಸ್‌ನ ತಂಡ, ಇಲಿಯ ರಕ್ತವನ್ನು. 1987ರಲ್ಲಿ ಜಾನ್‌ಸ್ಟೋನ್ ಈ ಸಂಚಿಗಳನ್ನು ‘ಎಕ್ಸೊಸೋಮ್’ ಎಂದು ಕರೆದರು. ಹೆಸರೇನೋ ಬಂತು. ಆದರೆ ಕಸದ ಬುಟ್ಟಿಗೆ ಇರುವಷ್ಟೇ ಬೆಲೆ ಬಹುಕಾಲ ಅದಕ್ಕೂ ಇತ್ತು.

ಆಗ ವೈದ್ಯಲೋಕದ ಕಣ್ಣೆಲ್ಲ ಆಕರಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ, ಮೇಲಿತ್ತು. ಅಸ್ಥಿಮಜ್ಜೆಯಲ್ಲಿ ಸಿಗುವ ಒಂದು ಬಗೆಯ ಆಕರಕೋಶ ಮೂಳೆಯಾಗಿ, ಮೃದ್ವಸ್ಥಿಯಾಗಿ, ಕೊಬ್ಬಾಗಿ ಮಾರ್ಪಡಬಲ್ಲದು. ಅದನ್ನು ರೋಗಿಯ ಮೈಗೆ ಸೇರಿಸಿದರೆ ಹಾಳಾದ ಅಂಗದಲ್ಲಿ ನಾಟಿ ಮಾಡಿದ ಪೈರಿನಂತೆ ಬೇರುಬಿಡುತ್ತದೆ ಎಂಬುದು ನಿರೀಕ್ಷೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗುಣವೂ ಕಾಣುತ್ತಿತ್ತು. ಆದರೆ ಹುಡುಕಿ ನೋಡಿದರೆ ಅಲ್ಲಿ ನಾಟಿ ಮಾಡಿದ ಕೋಶಗಳೇ ಇಲ್ಲವೆನ್ನುವಷ್ಟು ಕಡಿಮೆ! ರಕ್ತನಾಳಕ್ಕೆ ಚುಚ್ಚಿದವುಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಕಾಣೆಯಾಗುತ್ತಿದ್ದವು. ಹಾಗಾದರೆ ರಿಪೇರಿ ಮಾಡಿದವರು ಯಾರು?

2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು, ವಂಶವಾಹಿ ಮಾರ್ಪಡಿಸಿದ ಆಕರಕೋಶಗಳನ್ನು ಬೆಳೆಸಿ, ಕೋಶಗಳನ್ನು ತೆಗೆದು, ಉಳಿದ ದ್ರವವನ್ನಷ್ಟೇ ಇಲಿಯ ಹೃದಯಕ್ಕೆ ಕೊಟ್ಟರು. ಅಷ್ಟಕ್ಕೇ ಹೃದಯಾಘಾತದ ಹಾನಿ ತಗ್ಗಿತು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು, ಎಕ್ಸೊಸೋಮ್‌ಗಳು ಆರ್‌ಎನ್‌ಎ ಹೊತ್ತೊಯ್ದು ಬೇರೆ ಕೋಶಕ್ಕೆ ತಲುಪಿಸುತ್ತವೆ ಎಂದು ತೋರಿಸಿದರು. ಕಸವೆಂದುಕೊಂಡಿದ್ದು ಟಪಾಲಾಗಿತ್ತು. 2009ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಆಕರಕೋಶದ ಸಂಚಿಗಳಿಂದ ಇಲಿಗಳ ಮೂತ್ರಪಿಂಡ ಚೇತರಿಸಿಕೊಂಡಿತು. ಒಳಗಿನ ಆರ್‌ಎನ್‌ಎ ನಾಶಮಾಡಿದಾಗ ಆ ಗುಣ ಹೋಯಿತು. ಮರುವರ್ಷ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಅವರ ತಂಡ, ಇಲಿಯ ಹೃದಯವನ್ನು ಕಾಪಾಡಿದ್ದು ದ್ರವದಲ್ಲಿದ್ದ ಎಕ್ಸೊಸೋಮ್‌ಗಳೇ ಎಂದು ಗುರುತಿಸಿತು. ಈ ಕೋಶಗಳಿಗೆ 1991ರಲ್ಲಿ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರು ಕೊಟ್ಟ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಾಗಲಿ ಎಂದರು. ತಾವಿಟ್ಟ ಹೆಸರನ್ನು ತಾವೇ ಅಳಿಸಲು ಹೊರಡುವ ವಿಜ್ಞಾನಿಗಳು ಅಪರೂಪ.

ಈ ಸಂಚಿಯ ಅಗಲ ಸುಮಾರು 30ರಿಂದ 150 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ನೂರಾರು ಸಂಚಿಗಳನ್ನು ಸಾಲಾಗಿ ಇಡಬಹುದು. ಕೋಶದೊಳಗಿನ ಒಂದು ದೊಡ್ಡ ಚೀಲದ ಗೋಡೆ ಒಳಮುಖವಾಗಿ ಚಿಗುರಿ ಇವು ಹುಟ್ಟುತ್ತವೆ. ಆ ಚೀಲ ಹೊರಪೊರೆಗೆ ಬೆಸೆದುಕೊಂಡಾಗ ಹೊರಬೀಳುತ್ತವೆ. ಅಜ್ಜಿಯ ಎಲೆಯಡಿಕೆ ಸಂಚಿಯಂತೆ ಒಳಗೆ ಬಗೆಬಗೆಯ ಸಾಮಾನು: ಪ್ರೋಟೀನು, ಕೊಬ್ಬು, ಆರ್‌ಎನ್‌ಎ ತುಣುಕುಗಳು. ಗಾಯಗೊಂಡ ಕೋಶ ಇದನ್ನು ನುಂಗಿದಾಗ ಅದರ ನಡವಳಿಕೆ ಬದಲಾಗುತ್ತದೆ. ಸಾಯಲು ಹೊರಟಿದ್ದದ್ದು ಉಳಿಯಬಹುದು, ಉರಿಯೂತ ತಗ್ಗಬಹುದು, ಹೊಸ ರಕ್ತನಾಳ ಚಿಗುರಬಹುದು. ಅಂಗವನ್ನು ಹೊಸದಾಗಿ ಕಟ್ಟುವ ಕೆಲಸ ಸಂಚಿಯದಲ್ಲ. ಅಳಿದುಳಿದ ಕೋಶಗಳೇ ದುರಸ್ತಿಗಿಳಿಯುವಂತೆ ಅದು ಮಾಡುತ್ತದೆ.

ಸಂಚಿಗೆ ಜೀವವಿಲ್ಲ, ಅದು ವಿಭಜನೆಗೊಂಡು ಬೆಳೆಯುವುದಿಲ್ಲ. ಹೀಗಾಗಿ ಅದೇ ಗಡ್ಡೆಯಾಗುವ ಭಯವಿಲ್ಲ. ಶೀತಲದಲ್ಲಿ ಕಾದಿಡಲೂಬಹುದು. ಆದರೆ ಮೈಗೆ ಸೇರಿದ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಬೇಗನೆ ಹಿಡಿದುಹಾಕುತ್ತವೆ.

ಮಾರುಕಟ್ಟೆಗೆ ಮಾತ್ರ ಇಷ್ಟು ತಾಳ್ಮೆಯಿಲ್ಲ. ಮಂಡಿನೋವಿಗೆ, ಕೂದಲುದುರುವುದಕ್ಕೆ, ಮುಖದ ಕಾಂತಿಗೆ ಎಲ್ಲಕ್ಕೂ ಎಕ್ಸೊಸೋಮ್ ಎಂಬ ಜಾಹೀರಾತುಗಳಿವೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಇಂಥ ಚಿಕಿತ್ಸೆ ಪಡೆದ ಹಲವರಿಗೆ ಗಂಭೀರ ತೊಂದರೆಯಾಗಿ, 2019ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ತಾನು ಒಂದೇ ಒಂದು ಎಕ್ಸೊಸೋಮ್ ಉತ್ಪನ್ನವನ್ನೂ ಅನುಮೋದಿಸಿಲ್ಲ ಎಂದಿತು. ಒಂದು ಪ್ರಮಾಣ ಔಷಧಿ ಎಂದರೆ ಎಷ್ಟು ಎಂಬಲ್ಲಿಯೇ ಒಮ್ಮತವಿಲ್ಲ. ಒಂದು ಪ್ರಯೋಗಾಲಯ ಸಂಚಿಗಳನ್ನು ಎಣಿಸುತ್ತದೆ, ಇನ್ನೊಂದು ಅದರ ಪ್ರೋಟೀನು ತೂಗುತ್ತದೆ, ಮತ್ತೊಂದು ಎಷ್ಟು ಕೋಶಗಳಿಂದ ಬಂದಿತೆಂದು ಲೆಕ್ಕ ಹಾಕುತ್ತದೆ.